ಕಾಯಿಲೆಯ ಹೆಸರು

ಆ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತನಿಗೆ ಕಿವಿ ಸ್ವಲ್ಪ ಮಂದ. ಕಿವಿ ಮಂದ ಇರುವವರು ಗಟ್ಟಿಯಾಗಿ ಮಾತಾಡುತ್ತಾರೆ, ಅದು ಅವನ ತಪ್ಪಲ್ಲ. ಆದರೆ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿಗೆ ಅವನನ್ನೇ ಹುಡುಕಿ ತಂದು ಕೂರಿಸಿದ ಪುಣ್ಯಾತ್ಮ ಯಾರೋ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಕಾಯಿಲೆಯ ಹೆಸರು?" ಎಂದು ಕೇಳಿದ.

"ಕಾಯಿಲೆ ಇಲ್ಲ," ಎಂದೆ.

"ಆಂ?"

"ನನಗೆ ಕಾಯಿಲೆ ಇಲ್ಲ. ಬಾರದೇ ಇರಲಿ ಅಂತ ಮಾತ್ರೆ."

ಅವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಡಾಕ್ಟರ ಸಹಿ ಇತ್ತು, ಮೊಹರು ಇತ್ತು, ಮಾತ್ರೆಯ ಹೆಸರು ಇತ್ತು. "ಕಂಪ್ಯೂಟರ್ ಬಿಡಲ್ಲಮ್ಮ. ಈ ಕಾಲಂ ಖಾಲಿ ಇದ್ರೆ ಮುಂದಕ್ಕೇ ಹೋಗಲ್ಲ. ಈ ಮಾತ್ರೆಗೆ ಎರಡೇ ಕಾಯಿಲೆ ತೋರಿಸ್ತಿದೆ. ಒಂದು ಎಚ್‌ಐವಿ. ಇನ್ನೊಂದು ಹೆಪಟೈಟಿಸ್ ಬಿ, ಅಂದ್ರೆ ಲಿವರ್ದು. ಯಾವ್ದು ಹಾಕ್ಲಿ? ಎಚ್‌ಐವಿ ಹಾಕ್ಲಾ, ಲಿವರ್ ಹಾಕ್ಲಾ?"

ತರಕಾರಿಯವನು ಬದನೆಕಾಯಿ ಹಾಕ್ಲಾ, ಬೆಂಡೆಕಾಯಿ ಹಾಕ್ಲಾ ಎಂದು ಕೇಳಿದ ಹಾಗೆ ಕೇಳಿದ. ನನ್ನ ಹಿಂದೆ ಹನ್ನೊಂದು ಜನ ಸಾಲಿನಲ್ಲಿದ್ದರು. ಮೂರನೆಯವಳು ನಮ್ಮ ಬೀದಿಯ ಚಪ್ಪಲಿ ಅಂಗಡಿಯಾಕೆ. ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದವಳು ಈಗ ನನ್ನ ಬೆನ್ನನ್ನು ನೋಡುತ್ತಿದ್ದಳು.

"ಲಿವರ್ ಹಾಕಿ," ಎಂದುಬಿಟ್ಟೆ.

ಎರಡೂವರೆ ವರ್ಷದ ಹಿಂದಿನ ಆ ಎರಡು ಪದ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ. ಪದಗಳ ವಿಷಯದಲ್ಲಿ ನಾನು ಅಜಾಗರೂಕಳಲ್ಲ. ಹದಿನಾರು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ಕೈಯಲ್ಲಿ ಕೆಂಪು ಪೆನ್ನು, ಮೂಗಿನ ಮೇಲೆ ಕನ್ನಡಕ. ಪಕ್ಕದಲ್ಲಿ ಅಕ್ಷರ ಜೋಡಿಸುವ ನಮ್ಮ ಕಂಪೋಸರ್. ಅವನ ತಪ್ಪುಗಳಿಂದಲೇ ನನ್ನ ಹೊಟ್ಟೆ ತುಂಬುವುದರಿಂದ ಅವನನ್ನು ನಾನು ಬೈಯುವ ಹಾಗಿಲ್ಲ.

ಆ ಮಾತ್ರೆಯ ವಿಷಯ ನನಗೆ ಗೊತ್ತಾದದ್ದೂ ಅವನ ತಪ್ಪಿನಿಂದಲೇ. ಆರೋಗ್ಯ ಇಲಾಖೆಯ ಒಂದು ಕರಪತ್ರ ಅಚ್ಚಿಗೆ ಬಂದಿತ್ತು. ಮೊದಲ ಸಾಲನ್ನು ಅವನು ಹೀಗೆ ಜೋಡಿಸಿದ್ದ: "ಎಚ್‌ಐವಿ ಸೋಂಕನ್ನು ಪಡೆಯಲು ದಿನಕ್ಕೊಂದು ಮಾತ್ರೆ." ತಡೆಯಲು ಎಂದಿರಬೇಕಾದದ್ದು ಪಡೆಯಲು ಆಗಿತ್ತು. ಒಂದೇ ಅಕ್ಷರ. ನಾನು ಬಿದ್ದು ಬಿದ್ದು ನಕ್ಕೆ, ಅವನೂ ನಕ್ಕ. ಆಮೇಲೆ ಪ ಹೊಡೆದುಹಾಕಿ ತ ಬರೆದೆ. ಬರೆದವಳ ಕೈ ಅಲ್ಲೇ ನಿಂತಿತು. ತಡೆಯಲು ಮಾತ್ರೆಯೇ? ಹಾಗೊಂದು ಇದೆಯೇ? ಉಳಿದ ಪುಟವನ್ನು ತಪ್ಪು ಹುಡುಕುವುದಕ್ಕಲ್ಲದೆ ತಿಳಿದುಕೊಳ್ಳುವುದಕ್ಕಾಗಿ ಓದಿದೆ. ಹದಿನಾರು ವರ್ಷದಲ್ಲಿ ಹಾಗೆ ಓದಿದ್ದು ಅದೊಂದನ್ನೇ ಇರಬೇಕು.

ಯಾಕೆಂದರೆ ನಮ್ಮನೆಯವರಿಗೆ ಆ ಸೋಂಕು ಇದೆ. ಮದುವೆಗೆ ಮುಂಚೆಯೇ ಹೇಳಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು, ನಮ್ಮ ಕಟ್ಟಡದ ಲಿಫ್ಟ್ ನೋಡಲು ಬರುತ್ತಿದ್ದರು. ನಮ್ಮ ಕಾಗದದ ಕೋಣೆಯಲ್ಲಿ, ಬಂಡಲುಗಳ ಮೇಲೆ ಎದುರುಬದರು ಕೂತು, ಇದು ಹೀಗೆ, ನಾನು ದಿನಾ ಔಷಧಿ ತೆಗೆದುಕೊಳ್ಳುತ್ತೇನೆ, ಚೆನ್ನಾಗಿದ್ದೇನೆ, ನೀನು ಯೋಚನೆ ಮಾಡು, ಎಂದು ಒಂದೇ ಉಸಿರಿಗೆ ಹೇಳಿದ್ದರು. ನಾನು ಒಂದು ತಿಂಗಳು ಯೋಚನೆ ಮಾಡಿ ಒಪ್ಪಿದೆ. ಅವರಿಗೆ ಅದು ಹೇಗೆ ಬಂತು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ನೆಗಡಿ ಯಾರಿಂದ ಬಂತೆಂದು ನಾನು ನಿಮ್ಮನ್ನು ಕೇಳಿದ್ದೇನೆಯೇ?

ನಾಲ್ಕು ವರ್ಷ ನಿಶ್ಚಿಂತೆಯಾಗಿದ್ದೆವು. ಆಮೇಲೆ ಅವರ ಹಳೆಯ ಔಷಧಿ ಕೆಲಸ ಮಾಡುವುದನ್ನು ಬಿಟ್ಟಿತು, ರಕ್ತದಲ್ಲಿ ವೈರಸ್ ಮತ್ತೆ ಏರಿತು. ಹೊಸ ಔಷಧಿ ಹಿಡಿಯುವವರೆಗೆ ಜಾಗ್ರತೆ ಎಂದರು ಡಾಕ್ಟರ್. ಜಾಗ್ರತೆ ನಮಗೆ ಹೊಸದಲ್ಲ, ಕಪಾಟಿನಲ್ಲಿ ಕಾಂಡೋಮ್ ಯಾವಾಗಲೂ ಇರುತ್ತಿತ್ತು. ಆದರೂ ನಮ್ಮನೆಯವರು ಹಾಸಿಗೆಯ ಆ ಅಂಚಿಗೆ ಹೋಗಿ ಗೋಡೆಗೆ ಅಂಟಿಕೊಂಡು ಮಲಗತೊಡಗಿದರು. ಪಕ್ಕದಲ್ಲಿದ್ದೂ ಇಲ್ಲದ ಗಂಡನನ್ನು ನೋಡಿ ನನಗೆ ರೋಸಿಹೋಗಿತ್ತು. ಕರಪತ್ರ ಬಂದದ್ದು ಅದೇ ವಾರ.

ಮಾತ್ರೆ ನೀಲಿ ಬಣ್ಣದ್ದು, ಹುಣಸೆಬೀಜಕ್ಕಿಂತ ದೊಡ್ಡದು. ಮೊದಲ ಎರಡು ವಾರ ಹೊಟ್ಟೆ ತೊಳಸುತ್ತಿತ್ತು, ಕರಡಿನ ಅಕ್ಷರಗಳೆಲ್ಲ ಈಜುತ್ತಿದ್ದವು. ಆಮೇಲೆ ಸರಿಹೋಯಿತು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಕಿಡ್ನಿ ಪರೀಕ್ಷೆ. ನಮ್ಮನೆಯವರು ಗೋಡೆಯಿಂದ ಒಂದೊಂದೇ ಇಂಚು ಈಚೆಗೆ ಬಂದರು. ಮಾತ್ರೆಯ ಮೇಲೆ ನನ್ನ ದೂರೇನೂ ಇಲ್ಲ. ಅದು ತನ್ನ ಕೆಲಸ ತಾನು ಮಾಡಿತು. ತಕರಾರೆಲ್ಲ ಆ ಕಾಲಂನದು.

ಡಾಕ್ಟರಿಗೆ ಆವತ್ತೇ ಹೇಳಿದ್ದೆ. ವಾರಕ್ಕೆ ಎರಡು ದಿನ ಬರುವ ಆ ಮನುಷ್ಯ ನಕ್ಕುಬಿಟ್ಟರು. "ಆ ಪಟ್ಟಿ ಹಳೇದಮ್ಮ. ಇದೇ ಮಾತ್ರೆ ಎಚ್‌ಐವಿ ಇರೋರಿಗೆ ಬೇರೆ ಔಷಧಿ ಜೊತೆ ಕೊಡ್ತೀವಿ, ಹೆಪಟೈಟಿಸ್ ಬಿ ವೈರಸ್ಸಿಗೂ ಕೆಲಸ ಮಾಡತ್ತೆ. ತಡೆಯೋಕೆ ಕೊಡೋದು ಆಮೇಲೆ ಬಂದಿದ್ದು, ಅದನ್ನ ಇನ್ನೂ ಸೇರಿಸಿಲ್ಲ. ನಿಮಗೆ ಮಾತ್ರೆ ಸಿಗ್ತಿದೆ ತಾನೆ? ಬಿಡಿ."

ಬಿಟ್ಟೆ. ನನ್ನ ತಪ್ಪು ಅದು.

ಚಪ್ಪಲಿ ಅಂಗಡಿಯಾಕೆಯ ಬಾಯಿಂದ ಅಮ್ಮನ ಕಿವಿಗೆ, ಅಮ್ಮನಿಂದ ಅತ್ತಿಗೆಗೆ ಸುದ್ದಿ ಮುಟ್ಟಲು ಎರಡು ದಿನ ಸಾಕಾಯಿತು. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಅಣ್ಣನಿಗೆ ಎರಡು ಕುರ್ಚಿಯ ಕ್ಷೌರದಂಗಡಿ ಇದೆ, ಅದರ ಮಹಡಿಯಲ್ಲೇ ಮನೆ. ಮುಂದಿನ ಭಾನುವಾರ ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಲಿವರ್ ಬಗ್ಗೆ ನನಗಿಂತ ಹೆಚ್ಚು ಅವರಿಗೆ ಗೊತ್ತಿತ್ತು. ಅತ್ತಿಗೆ ಒಂದು ಸ್ಟೀಲ್ ಲೋಟದ ತಳಕ್ಕೆ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದಳು.

"ತಪ್ಪು ತಿಳ್ಕೋಬೇಡ. ಇದು ಹರಡತ್ತೆ ಅಂತಾರೆ, ಮಕ್ಕಳಿರೋ ಮನೆ ನೋಡು," ಎಂದಳು.

ನಾನು ಆ ಲೋಟದಲ್ಲಿ ಚಹಾ ಕುಡಿದೆ. ಏನು ಮಾಡಲಿ? ಇಲ್ಲದ ರೋಗವನ್ನು ಇಲ್ಲ ಎನ್ನಬೇಕಾದರೆ ಇರುವ ವಿಷಯ ಹೇಳಬೇಕಿತ್ತು. ಅದು ನನ್ನದಲ್ಲ, ನಮ್ಮನೆಯವರದು. ಅಣ್ಣನ ಮುಂದೆ ಅದನ್ನು ಹೇಳುವುದಂತೂ ಸಾಧ್ಯವೇ ಇರಲಿಲ್ಲ. ಅದಕ್ಕೆ ಕಾರಣ ಒಂದು ಕತ್ತರಿ.

ನಮ್ಮ ಮದುವೆಯಾದ ವರ್ಷದ ಮಾತು. ನಮ್ಮನೆಯವರು ಅಣ್ಣನ ಅಂಗಡಿಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ಅಣ್ಣ ಅವರ ಎಡಗಡೆ ಮುಗಿಸಿ ಬಲಗಡೆಗೆ ಬಂದಿದ್ದ. ಆಗ ಯಾರೋ ಒಳಗೆ ಬಂದು, ಈಗ ಕಟಿಂಗ್ ಮಾಡಿಸಿಕೊಂಡು ಹೋದ ಗಿರಾಕಿಗೆ ಆ ಕಾಯಿಲೆ ಇದೆಯಂತೆ ಎಂದು ಪಿಸುಗುಟ್ಟಿದ. ಅಣ್ಣ ಕೈಯಲ್ಲಿದ್ದ ಕತ್ತರಿಯನ್ನು ನೋಡಿದ. ಅದು ಅವನು ಕೆಲಸ ಕಲಿಯುವಾಗ ಗುರುಗಳು ಕೊಟ್ಟ ಕತ್ತರಿ. ಬೀದಿಗೆ ಹೋಗಿ ಅದನ್ನು ಚರಂಡಿಗೆ ಎಸೆದ. ಬಾಚಣಿಗೆ ಎಸೆದ, ಹೊದೆಸಿದ್ದ ಬಟ್ಟೆ ಎಸೆದ. ವಾಪಸ್ ಬಂದು ಕೈ ಉಜ್ಜಿ ಉಜ್ಜಿ ತೊಳೆಯುತ್ತಾ, "ಇನ್ನೊಂದ್ಸಲ ಅಂಥೋನು ನನ್ನ ಕುರ್ಚಿ ಮೇಲೆ ಕೂತ್ರೆ ಕುರ್ಚೀನೇ ಸುಟ್ಟುಹಾಕ್ತೀನಿ ಭಾವ," ಎಂದನಂತೆ. ಆಮೇಲೆ ಬೇರೆ ಕತ್ತರಿ ತೆಗೆದು ಬಲಗಡೆ ಮುಗಿಸಿದನಂತೆ.

ನಮ್ಮನೆಯವರು ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದರು. ಅವತ್ತಿನಿಂದ ಅವರು ಊರಾಚೆಯ ಒಂದು ಅಂಗಡಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತಾರೆ. ಅಣ್ಣನಿಗೆ ಅದು ದೊಡ್ಡ ಅವಮಾನ. ತಂಗಿಯ ಗಂಡ ಬೇರೆಯವನ ಮುಂದೆ ತಲೆ ಬಗ್ಗಿಸುವುದೇ! "ನಮ್ಮ ಕೈ ಭಾವನಿಗೆ ಹಿಡಿಸಲ್ಲ ಬಿಡು, ದೊಡ್ಡ ಮನುಷ್ಯರು," ಎಂದು ಆರು ವರ್ಷ ಚುಚ್ಚಿದ್ದಾನೆ. ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ.

ಕಳೆದ ವರ್ಷ ಹೊಸ ಔಷಧಿ ಪೂರ್ತಿ ಹಿಡಿಯಿತು. ನಮ್ಮನೆಯವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯಿತು, ಮತ್ತೆ ಮತ್ತೆ ನೋಡಿದರೂ ಹಾಗೇ ಇತ್ತು. ಇನ್ನು ಅವರಿಂದ ನಿಮಗೆ ಬರುವುದಿಲ್ಲ, ಬೇಕಾದರೆ ಮಾತ್ರೆ ನಿಲ್ಲಿಸಬಹುದು ಎಂದರು ಡಾಕ್ಟರ್. ಅವರು ಹೇಳಿದ ದಿನ ಹೇಳಿದ ಹಾಗೆ ನಿಲ್ಲಿಸಿದೆ. ಮಾತ್ರೆ ನಿಂತಿತು. ಲಿವರ್ ಕಾಯಿಲೆ ನಿಲ್ಲಲಿಲ್ಲ.

ಮಾತ್ರೆ ತೆಗೆದುಕೊಳ್ಳಲು ಹೋಗದೆ ಮೂರು ವಾರವಾದ ಮೇಲೆ ಆಸ್ಪತ್ರೆಯಿಂದ ಒಬ್ಬ ನರ್ಸ್ ಫೋನ್ ಮಾಡಿದಳು. "ಹೆಪಟೈಟಿಸ್ ಬಿ ಇರೋರು ಈ ಮಾತ್ರೆ ದಿಢೀರಂತ ನಿಲ್ಲಿಸಬಾರದು. ಲಿವರಿಗೆ ಏಟು ಬೀಳತ್ತೆ."

"ನನಗೆ ಹೆಪಟೈಟಿಸ್ ಇಲ್ಲಮ್ಮ."

"ಹಾಗೆ ಅನ್ಸತ್ತೆ ಮೇಡಂ. ಹೊರಗೆ ಏನೂ ಗೊತ್ತಾಗಲ್ಲ. ಅದೇ ಅಪಾಯ."

ಪ್ರತಿ ಸೋಮವಾರ ಫೋನ್. ಎಷ್ಟು ಮಮತೆಯಿಂದ ಮಾತಾಡುತ್ತಿದ್ದಳೆಂದರೆ ಬೈಯಲೂ ಆಗುತ್ತಿರಲಿಲ್ಲ. ತಾಳಲಾರದೆ ಒಂದು ದಿನ ರಜೆ ಹಾಕಿ ಆ ಕಾಲಂ ತಿದ್ದಿಸಲು ಹೋದೆ. ದಾಖಲೆ ವಿಭಾಗದ ಹೆಂಗಸು ಕಡ್ಡಿ ಮುರಿದ ಹಾಗೆ ಹೇಳಿದಳು: "ಕಾಯಿಲೆ ತೆಗೀಬೇಕಂದ್ರೆ ವಾಸಿಯಾಗಿದೆ ಅಂತ ಡಾಕ್ಟರ್ ಬರ್ಕೊಡಬೇಕು." ಡಾಕ್ಟರ ಬಳಿ ಹೋದೆ. ಹಳೆಯವರು ವರ್ಗವಾಗಿ ಹೋಗಿದ್ದರು. ಹೊಸಬರು, "ಇಲ್ಲದೇ ಇರೋ ಕಾಯಿಲೆ ವಾಸಿಯಾಯ್ತು ಅಂತ ನಾನು ಹೇಗ್ರೀ ಬರೀಲಿ?" ಎಂದರು. ಸರಿ, ಇರಲೇ ಇಲ್ಲ ಎಂದು ಬರೆದುಕೊಡಿ ಎಂದೆ. "ಹಾಗಾದ್ರೆ ಎರಡು ವರ್ಷ ಮಾತ್ರೆ ಕೊಟ್ಟಿದ್ದು ಯಾಕೆ ಅಂತ ನನ್ನನ್ನ ಕೇಳ್ತಾರೆ." ಮತ್ತೆ ದಾಖಲೆ ವಿಭಾಗ. ಅಷ್ಟರಲ್ಲಿ ಅದು ಊಟಕ್ಕೆ ಮುಚ್ಚಿತ್ತು. ನನ್ನ ಕೆಂಪು ಪೆನ್ನು ಕೈಚೀಲದಲ್ಲೇ ಇತ್ತು. ಸಾವಿರಾರು ಪುಟ ತಿದ್ದಿದವಳು ನನ್ನದೇ ಒಂದು ಸಾಲನ್ನು ತಿದ್ದಲಾರದೆ ಆ ಮುಚ್ಚಿದ ಬಾಗಿಲ ಮುಂದೆ ನಿಂತು ಅತ್ತೆ. ದುಃಖದಿಂದಲ್ಲ, ಮೈಯೆಲ್ಲ ಉರಿದು.

ಅದಾದ ನಾಲ್ಕೇ ತಿಂಗಳಿಗೆ ಅಣ್ಣ ಅಂಗಡಿಯಲ್ಲಿ ಕುಸಿದು ಬಿದ್ದ.

ಅವನಿಗೆ ಯಾವ ಚಟವೂ ಇಲ್ಲ. ತನ್ನ ಮೈಯೇ ತನ್ನ ಲಿವರನ್ನು ಶತ್ರು ಎಂದುಕೊಂಡು ತಿನ್ನುವ ಒಂದು ಕಾಯಿಲೆಯಂತೆ, ವರ್ಷಗಟ್ಟಲೆ ಸದ್ದಿಲ್ಲದೆ ತಿಂದಿದೆ. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತು, ಹೊಟ್ಟೆ ಉಬ್ಬಿತು. ಎಲ್ಲಕ್ಕಿಂತ ಹೆಚ್ಚಾಗಿ ಕೈ ನಡುಗತೊಡಗಿತು. ಕತ್ತರಿ ಹಿಡಿಯುವ ಕೈ. ಇನ್ನೊಬ್ಬರ ಲಿವರಿನ ತುಂಡು ಜೋಡಿಸಬೇಕು, ಮೂರು ತಿಂಗಳಿಗಿಂತ ಕಾಯುವ ಹಾಗಿಲ್ಲ ಎಂದರು. ಕೊಟ್ಟವರಿಗೂ ಪಡೆದವರಿಗೂ ಅದು ಮತ್ತೆ ಬೆಳೆಯುತ್ತದಂತೆ.

"ಕೂದಲಿನ ಹಾಗೆ ಅನ್ನು," ಎಂದ ಅಣ್ಣ, ಮಂಚದ ಮೇಲಿಂದ.

ರಕ್ತದ ಗುಂಪು ಹೊಂದಬೇಕು. ಅಮ್ಮನಿಗೆ ವಯಸ್ಸಾಗಿದೆ. ಅತ್ತಿಗೆಯದು ಹೊಂದುವುದಿಲ್ಲ. ಮಕ್ಕಳು ಇನ್ನೂ ಶಾಲೆಗೆ ಹೋಗುವವರು. ಹೊಂದುವುದು ಒಂದೇ ಒಂದು, ನನ್ನದು. ಎಲ್ಲರೂ ಅದನ್ನು ಬಲ್ಲರು, ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಅಮ್ಮ ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಣ್ಣ ಆಗಲೂ ತಮಾಷೆ ಮಾಡಿದ. "ಒಂದೇ ಹೊಟ್ಟೇಲಿ ಹುಟ್ಟಿದ್ದಕ್ಕೆ ನೋಡು, ಇಬ್ಬರದ್ದೂ ಲಿವರ್ರೇ ಕೆಟ್ಟಿದೆ."

ನನ್ನ ಗಟ್ಟಿಮುಟ್ಟಾದ ಲಿವರ್ ಒಳಗೆ ಕೂತು ಅದನ್ನು ಕೇಳಿಸಿಕೊಂಡಿತು. ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲು ಇಳಿದು ನೇರ ಆಸ್ಪತ್ರೆಗೆ ಹೋದೆ.

ಅಂಗ ಜೋಡಣೆಯ ವಿಭಾಗದಲ್ಲಿ ಇದ್ದದ್ದು ನನ್ನ ವಯಸ್ಸಿನ ಒಬ್ಬ ಡಾಕ್ಟರಮ್ಮ. ನನ್ನ ಕಾರ್ಡಿನ ನಂಬರ್ ಒತ್ತಿದ ಕೂಡಲೇ ಅವರ ಮುಖ ಸಣ್ಣದಾಯಿತು. "ನಿಮಗೆ ಹೆಪಟೈಟಿಸ್ ಬಿ ಇದೆಯಲ್ಲಮ್ಮ."

"ಇಲ್ಲ. ರಕ್ತ ತೆಗೆದು ನೋಡಿ."

ನೋಡಿದರು. ಮಾರನೆಯ ದಿನ ಕರೆದರು. ಕಾಗದವನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. "ಹೆಪಟೈಟಿಸ್ ಈಗಲೂ ಇಲ್ಲ, ಹಿಂದೆ ಬಂದು ಹೋದ ಗುರುತೂ ಇಲ್ಲ. ಎರಡು ವರ್ಷ ನಿಮ್ಮ ಹೆಸರಲ್ಲಿ ಮಾತ್ರೆ ಹೋಗಿದೆ. ಯಾರು ತಗೊಂಡ್ರು?"

"ನಾನೇ," ಎಂದು ಎಲ್ಲವನ್ನೂ ಹೇಳಿದೆ. ಕಿಟಕಿ, ಸಾಲು, ಚಪ್ಪಲಿ ಅಂಗಡಿಯಾಕೆ, ಯಾವುದನ್ನೂ ಬಿಡಲಿಲ್ಲ. ಡಾಕ್ಟರಮ್ಮ ನಗಲಿಲ್ಲ, ಅದಕ್ಕೆ ನಾನು ಋಣಿ. ನನ್ನ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು, ಎಚ್‌ಐವಿ ಪರೀಕ್ಷೆ ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತೊಮ್ಮೆ ಆಗಬೇಕು, ನಮ್ಮನೆಯವರ ದಾಖಲೆಯನ್ನು ಅವರ ಒಪ್ಪಿಗೆಯಿಂದ ನೋಡಬೇಕು. ಎಲ್ಲ ಸರಿಯಿದ್ದರೆ ಆಗಬಹುದು ಎಂದರು. ನನ್ನ ಎದೆಯಿಂದ ಒಂದು ಮೂಟೆ ಇಳಿಯಿತು. ಅದು ನೆಲ ಮುಟ್ಟುವ ಮುಂಚೆಯೇ ಅವರು ಇನ್ನೊಂದು ಹೊರಿಸಿದರು.

"ಇಲ್ಲಿಯ ನಿಯಮ ಒಂದಿದೆ. ಇಂಥ ಹಿನ್ನೆಲೆ ಇದ್ರೆ ನಿಮ್ಮಣ್ಣನಿಗೆ ಗೊತ್ತಿರಬೇಕು. ಗೊತ್ತಿದ್ದು ಸಹಿ ಹಾಕಬೇಕು. ಇದನ್ನ ನಾನು ಮುಚ್ಚಿಡೋ ಹಾಗಿಲ್ಲ. ಹೇಳೋದು ಬೇಡ ಅಂತಾದ್ರೆ ಇಲ್ಲಿಗೇ ನಿಲ್ಲಿಸೋಣ."

ಒಂದು ನಮೂನೆ ಕೊಟ್ಟರು. ಕೆಳಗಡೆ "ಅಂಗ ಪಡೆಯುವವರ ಸಹಿ" ಎಂದಿತ್ತು. ಅಭ್ಯಾಸಬಲ, ಎರಡು ಸಲ ಓದಿದೆ. ಅಚ್ಚು ಸರಿಯಾಗಿಯೇ ಇತ್ತು. ನಮ್ಮ ಕಂಪೋಸರ್ ಜೋಡಿಸಿದ್ದರೆ ತಡೆಯುವವರ ಸಹಿ ಎಂದಾಗಿರುತ್ತಿತ್ತು. ನಮ್ಮಣ್ಣನ ಮಟ್ಟಿಗೆ ಅದೇ ಸರಿ ಎನಿಸಿತು.

ಸಂಜೆ ನಮ್ಮನೆಯವರು ಗ್ರೀಸ್ ಮೆತ್ತಿದ ಕೈಯನ್ನು ಸೋಪಿನಿಂದ ತಿಕ್ಕುತ್ತಿದ್ದಾಗ ನಮೂನೆಯನ್ನು ಅವರ ಮುಂದೆ ಹಿಡಿದೆ. ಓದಿದರು. ನಲ್ಲಿ ಹರಿಯುತ್ತಲೇ ಇತ್ತು.

"ಏನಾದ್ರೂ ಹೇಳ್ರೀ."

"ಏನ್ ಹೇಳ್ಲಿ? ಬೇಡ ಅಂದ್ರೆ ನಿಮ್ಮಣ್ಣನ ಜೀವ ಹೋಗತ್ತೆ. ಹೂಂ ಅಂದ್ರೆ..." ಎಂದು ನಿಲ್ಲಿಸಿದರು. ಹೂಂ ಎಂದರೆ ಏನೆಂದು ಇಬ್ಬರಿಗೂ ಗೊತ್ತು. ಅಣ್ಣನ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ತಲೆ ಬಗ್ಗುತ್ತವೆ, ಅರವತ್ತು ಕಿವಿ ಕೇಳಿಸಿಕೊಳ್ಳುತ್ತವೆ. ನಾಳೆ ಯಾವ ಕಟ್ಟಡದವರು ಇವರನ್ನು ತಮ್ಮ ಲಿಫ್ಟಿನೊಳಗೆ ಬಿಡುತ್ತಾರೆ?

ನನಗೆ ಅವರ ಮೇಲೆ ಸಿಟ್ಟು ಬಂತು, ಅಣ್ಣನ ಮೇಲೆ ಬಂತು, ಆ ಕಿವುಡ ಗುಮಾಸ್ತನ ಮೇಲಂತೂ ಕುದಿದು ಬಂತು. ಎಲ್ಲರ ಪಾಲಿನದ್ದನ್ನೂ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಸ್ವಲ್ಪ ಹೊತ್ತು ಆ ಸದ್ದು ಕೇಳಿ ಅವರು ನಲ್ಲಿ ನಿಲ್ಲಿಸಿದರು.

"ನಾನೇ ಹೇಳ್ತೀನಿ," ಎಂದರು. "ನನ್ನ ವಿಷಯ, ನನ್ನ ಬಾಯಿಂದ ಹೋಗ್ಲಿ. ನಿನ್ನ ಬಾಯಿಂದ ಬೇಡ."

ಮರುದಿನ ಬೆಳಿಗ್ಗೆ ಅಣ್ಣನ ಕೋಣೆಯಲ್ಲಿ, ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ನಮ್ಮನೆಯವರು ಹೇಳಿದರು. ಕಾಗದದ ಕೋಣೆಯಲ್ಲಿ ನನಗೆ ಹೇಳಿದ ಹಾಗೆಯೇ, ಒಂದೇ ಉಸಿರಿಗೆ. ನನಗೆ ಇದೆ, ಅವಳಿಗೆ ಇಲ್ಲ, ಅವಳು ತೆಗೆದುಕೊಂಡದ್ದು ಬಾರದ ಹಾಗೆ ತಡೆಯುವ ಮಾತ್ರೆ, ಅವಳ ಲಿವರ್ ಚೆನ್ನಾಗಿದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕೈಯಲ್ಲಿ ಚಹಾದ ತಟ್ಟೆ ಇತ್ತು. ಕೆಂಪು ಚುಕ್ಕೆಯ ಲೋಟವೂ ಅದರಲ್ಲಿತ್ತು.

ಅಣ್ಣ ಅವರ ಮುಖ ನೋಡಲಿಲ್ಲ. ಅವನು ನೋಡಿದ್ದು ಅವರು ಕೂತಿದ್ದ ಸ್ಟೂಲನ್ನು.

"ಗೊತ್ತಿದ್ದೂ ಮದುವೆ ಆದ್ಯಾ?" ಎಂದು ನನ್ನನ್ನು ಕೇಳಿದ.

"ಆದೆ."

"ನನಗೆ ಬೇಡ. ಹೋಗಿ ಇಬ್ರೂ."

ನಮ್ಮನೆಯವರು ಎದ್ದು ಮೆಟ್ಟಿಲಿಳಿದರು. ನಾನು ಅಷ್ಟು ಒಳ್ಳೆಯವಳಲ್ಲ. ತಟ್ಟೆಯಿಂದ ಆ ಲೋಟವನ್ನು ತೆಗೆದುಕೊಂಡು ಅಣ್ಣನ ಮೂಗಿನ ಮುಂದೆ ತಲೆಕೆಳಗು ಮಾಡಿ ಹಿಡಿದೆ. ಚಹಾ ನೆಲದ ಮೇಲೆ ಚೆಲ್ಲಿತು.

"ಎರಡೂವರೆ ವರ್ಷ ಇಲ್ಲದ ಕಾಯಿಲೆಗೆ ಈ ಲೋಟದಲ್ಲಿ ಕುಡಿದಿದ್ದೀನಿ. ಒಂದು ಮಾತು ಆಡಿದ್ದೀನಾ? ಈಗ ಚೆನ್ನಾಗಿರೋ ಲಿವರ್ ತಂದು ಕೈಗೆ ಕೊಟ್ರೆ ಅದಕ್ಕೂ ಚುಕ್ಕೆ ಇಡ್ತೀಯಾ? ನಿನಗೆ ಬದುಕೋದು ಬೇಡದೇ ಇದ್ರೆ ಬೇಡ. ಆದ್ರೆ ನನ್ನ ಗಂಡನಿಂದ ಸತ್ತೆ ಅಂತ ಮಾತ್ರ ಆಗಬಾರದು. ನಿನ್ನ ಹಟದಿಂದಲೇ ಸತ್ತೆ ಅಂತ ನಾನು ಊರಿಗೆಲ್ಲ ಹೇಳ್ತೀನಿ!"

ನಮೂನೆಯನ್ನು ಅವನ ದಿಂಬಿನ ಪಕ್ಕ ಬಿಸಾಡಿ ಬಂದೆ. ಸಾಯುತ್ತಿರುವವನಿಗೆ ಹಾಗೆನ್ನಬಾರದಿತ್ತು. ಆದರೂ ಅಂದದ್ದರಲ್ಲಿ ಒಂದಕ್ಷರವನ್ನೂ ತಿದ್ದಬೇಕು ಎನಿಸಲಿಲ್ಲ.

ನಾಲ್ಕು ದಿನ ಯಾರೂ ಫೋನ್ ಮಾಡಲಿಲ್ಲ. ಆ ನರ್ಸ್ ಒಬ್ಬಳು ಮಾತ್ರ ಸೋಮವಾರ ತಪ್ಪದೆ ಮಾಡಿದಳು. ಮುದ್ರಣಾಲಯದಲ್ಲಿ ಒಂದು ಆಹ್ವಾನ ಪತ್ರಿಕೆಯಲ್ಲಿ ವರನ ಹೆಸರನ್ನೇ ತಪ್ಪು ಬಿಟ್ಟೆ. ನಮ್ಮನೆಯವರು ಮತ್ತೆ ಗೋಡೆಯ ಕಡೆಗೆ ಸರಿದಿದ್ದರು. ಐದನೆಯ ದಿನ ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು.

"ಬರಬೇಕಂತೆ. ಭಾವನೂ ಬರಬೇಕಂತೆ."

ಹೋದೆವು. ಅಣ್ಣ ಇನ್ನೂ ಇಳಿದುಹೋಗಿದ್ದ, ಗಡ್ಡ ಬೆಳೆದಿತ್ತು. ನಮ್ಮನೆಯವರು ಬಾಗಿಲ ಹತ್ತಿರವೇ ನಿಂತರು.

"ಹತ್ತಿರ ಬನ್ನಿ ಭಾವ," ಎಂದ. ಅವರು ಬಂದರು. "ಆ ಕಡೆ ತಿರುಗಿ."

ಅವರು ಏನೂ ತಿಳಿಯದೆ ತಿರುಗಿದರು. ಅಣ್ಣ ಬಹಳ ಹೊತ್ತು ಅವರ ಕತ್ತಿನ ಹಿಂಭಾಗ ನೋಡಿದ.

"ನಾನು ಕತ್ತರಿ ಎಸೆದಾಗ ನೀವು ಕುರ್ಚಿ ಮೇಲೇ ಇದ್ರಿ, ಅಲ್ವಾ?"

"ಇದ್ದೆ."

"ಅರ್ಧ ತಲೆ ಆಗಿತ್ತು."

"ಹೂಂ."

"ಆರು ವರ್ಷ ನೀವು ಬೇರೆಯವನ ಹತ್ತಿರ ಹೋಗಿದ್ದು ಅದಕ್ಕೇನಾ?"

ನಮ್ಮನೆಯವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅಣ್ಣನಿಗೂ ಕಾಣಿಸಿರಬೇಕು.

"ದರಿದ್ರ ಕೆಲಸ ಮಾಡ್ತಾನೆ ಅವನು," ಎಂದ ಅಣ್ಣ. "ಬಲಗಿವಿ ಹಿಂದೆ ಯಾವಾಗಲೂ ಒಂದು ಎಳೆ ಉದ್ದ ಬಿಟ್ಟಿರ್ತಾನೆ. ನೀವು ಬಂದಾಗೆಲ್ಲ ನೋಡ್ತಿದ್ದೆ. ಕೈ ತುರಿಸ್ತಿತ್ತು. ನಮ್ಮ ಕೈ ಇವರಿಗೆ ಹಿಡಿಸಲ್ಲ ಅಂತ ಸುಮ್ಮನಿರ್ತಿದ್ದೆ." ಆಮೇಲೆ ನಮ್ಮ ಕಡೆಗಲ್ಲ, ಗೋಡೆಯ ಕಡೆ ತಿರುಗಿ ಹೇಳಿದ: "ಒಳ್ಳೆ ಕತ್ತರಿ ಅದು. ಆ ಗಿರಾಕಿನೂ ಒಳ್ಳೆಯವನೇ ಇದ್ದ."

ನಡುಗುವ ಕೈಯನ್ನು ಮುಂದೆ ಚಾಚಿದ. ನಮೂನೆ ದಿಂಬಿನ ಕೆಳಗೇ ಇತ್ತು. ನಾನು ಕೈಚೀಲದಿಂದ ಪೆನ್ನು ತೆಗೆದು ಕೊಟ್ಟೆ, ನಮ್ಮನೆಯವರು ಅವನ ಮಣಿಕಟ್ಟು ಹಿಡಿದುಕೊಂಡರು. ಅವನು ಕೈ ಎಳೆದುಕೊಳ್ಳಲಿಲ್ಲ. ಸಹಿ ಕೆಂಪು ಶಾಯಿಯಲ್ಲಿ, ಕೋಳಿ ಕೆದರಿದ ಹಾಗೆ ಬಿತ್ತು. ಅತ್ತಿಗೆ ಚಹಾ ತಂದಳು. ನನ್ನ ಲೋಟ ಎತ್ತಿ ತಳ ನೋಡಿದೆ. ಉಗುರುಬಣ್ಣವನ್ನು ಕೆರೆದು ತೆಗೆದಿದ್ದಳು, ಗೀರು ಮಾತ್ರ ಉಳಿದಿತ್ತು.

ಕೆಂಪು ಶಾಯಿ ನಡೆಯುವುದಿಲ್ಲವೆಂದು ಆ ನಮೂನೆ ಎರಡು ಸಲ ವಾಪಸ್ ಬಂತು, ಆ ಕಥೆ ಬೇಡ. ಆಮೇಲೆ ಪರೀಕ್ಷೆಗಳು, ಸಮಿತಿ, ಮತ್ತೆ ಪರೀಕ್ಷೆಗಳು. ಒಂದೂವರೆ ತಿಂಗಳಿಗೆ ದಿನ ಗೊತ್ತಾಯಿತು. ಆಪರೇಷನ್‌ಗೆ ಅಡ್ಮಿಟ್ ಆಗುವ ಬೆಳಿಗ್ಗೆ ನಾವು ನಾಲ್ವರೂ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಿದ್ದೆವು. ಅಣ್ಣ ಗಾಲಿಕುರ್ಚಿಯಲ್ಲಿ, ಅದನ್ನು ಹಿಡಿದವರು ನಮ್ಮನೆಯವರು, ಪಕ್ಕದಲ್ಲಿ ಅತ್ತಿಗೆ. ಕಿಟಕಿಯೊಳಗೆ ಯಾರಿದ್ದರೆಂದು ಹೇಳಬೇಕಿಲ್ಲ. ಈಗ ಅಡ್ಮಿಷನ್ ವಿಭಾಗಕ್ಕೆ ಅವನನ್ನೇ ಹಾಕಿದ್ದರು.

ಅವನು ನನ್ನ ಕಾರ್ಡ್ ನೋಡಿದ, ಪರದೆ ನೋಡಿದ, ನನ್ನನ್ನು ನೋಡಿದ. ಹಿಂದೆ ಉದ್ದದ ಸಾಲಿತ್ತು.

"ಏನಮ್ಮಾ, ಇದರಲ್ಲಿ ಹೆಪಟೈಟಿಸ್ ಅಂತಿದೆ. ಲಿವರ್ ಕಾಯಿಲೆ ಇಟ್ಕೊಂಡು ಲಿವರ್ ಕೊಡೋಕೆ ಬಂದಿದ್ದೀರಾ?"

"ಅದನ್ನ ತೆಗೀರಿ. ಡಾಕ್ಟರಮ್ಮನ ಪತ್ರ ಇದೆ."

"ತೆಗೆದ್ರೆ ಬೇರೆ ಹಾಕಬೇಕು. ಕಾಲಂ ಖಾಲಿ ಬಿಡೋ ಹಾಗಿಲ್ಲ. ಕಾಯಿಲೆಯ ಹೆಸರು?"

ಅದೇ ಪ್ರಶ್ನೆ, ಅದೇ ಗಂಟಲು. ನನಗೆ ತಲೆ ಕೆಟ್ಟುಹೋಯಿತು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಸೊಂಟದ ಹತ್ತಿರದಿಂದ, ಗಾಲಿಕುರ್ಚಿಯಿಂದ, ಅಂಗಡಿಯಲ್ಲಿ ಗಿರಾಕಿಗಳನ್ನು ಕರೆಯುವ ಆ ಹಳೆಯ ದನಿ ಎದ್ದಿತು. ಅಷ್ಟು ಗಟ್ಟಿ ದನಿ ಅವನಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಅವಳಿಗೆ ಏನೂ ಇಲ್ಲ, ಬರ್ಕೊಳ್ರೀ! ಯಾರಿಗೂ ಏನೂ ಇಲ್ಲ. ಇರೋ ಕಾಯಿಲೆಯೆಲ್ಲ ನನ್ನದೇ!"

"ಆಂ?" ಎಂದ ಗುಮಾಸ್ತ.

ಅಣ್ಣ ಇನ್ನೊಮ್ಮೆ ಹೇಳಿದ.